ಹುಲಿ ನೆತ್ತಿ ದಾಟಿ ಹಾರಬಹುದೇ?

ಬೇಸಿಗೆ ರಜೆಯಲ್ಲಿ ನವಲಗುಂದ ಕಡೆಯ ಹಳ್ಳಿಗಳಲ್ಲಿ ಮಧ್ಯಾಹ್ನದ ಆಟವೆಲ್ಲ ನೆರಳಿಗೆ ಬರುತ್ತದೆ. ಎರೆಹೊಲ ಕಾದು ಬಾಯಿ ಬಿಟ್ಟಿರುತ್ತದೆ, ಬಿಸಿಲಿಗೆ ಹೋಗಲು ಯಾರ ಮನೆಯಲ್ಲೂ ಬಿಡುವುದಿಲ್ಲ. ಆಗ ಗುಡಿಯ ಕಟ್ಟೆಯ ಮೇಲೆ ಒಂದು ಇದ್ದಿಲ ಚೂರು, ಒಂದು ಹಿಡಿ ಹುಣಸೆ ಬೀಜ, ಮೂರು ಹರಳು ಸಿಕ್ಕರೆ ಸಾಕು, ಹುಲಿ-ಕುರಿ ಆಟ ಶುರು.

ಇದು ಯುದ್ಧದ ಆಟ, ಆದರೆ ಸರಿಸಮ ಸೈನ್ಯದ ಯುದ್ಧವಲ್ಲ. ಚದುರಂಗದಲ್ಲಿ ಬಿಳಿಯ ಕಡೆ ಹದಿನಾರು ಕಾಯಿ, ಕರಿಯ ಕಡೆಯೂ ಹದಿನಾರು. ಇಲ್ಲಿ ಒಬ್ಬರ ಕೈಯಲ್ಲಿ ಮೂರೇ ಹುಲಿ, ಇನ್ನೊಬ್ಬರ ಕೈಯಲ್ಲಿ 15 ಕುರಿ, ಅವನ್ನು ಒಂದೊಂದಾಗಿ ಇಳಿಸುತ್ತ ಹೋಗಬೇಕು. ಹುಲಿ ಕುರಿಯ ಮೇಲಿಂದ ಹಾರಿ ತಿನ್ನುತ್ತದೆ. ಕುರಿಗೆ ತಿನ್ನಲು ಬರುವುದಿಲ್ಲ, ಅದು ಸುತ್ತುಗಟ್ಟಿ ಹುಲಿಯನ್ನು ಅಲ್ಲಾಡದ ಹಾಗೆ ಕಟ್ಟಬೇಕು. ಮೂರೂ ಹುಲಿ ಕಟ್ಟಿದರೆ ಕುರಿಯವರು ಗೆದ್ದರು. ಕಟ್ಟಲಾರದಷ್ಟು ಕುರಿ ಕಳೆದುಕೊಂಡರೆ ಸೋತರು.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಜಗಳವೂ ಶುರುವಾಗುತ್ತದೆ. ಅಣ್ಣಿಗೇರಿಯಿಂದ ಅಜ್ಜಿಮನೆಗೆ ಬಂದ ಹುಡುಗ ತನ್ನ ಹುಲಿಯನ್ನು ಎತ್ತಿ, ಇದ್ದಿಲಿನಲ್ಲಿ ಬರೆದ ತ್ರಿಕೋನದ ನೆತ್ತಿಯ ಮೇಲೆ ಕೂತ ಕುರಿಯನ್ನು ದಾಟಿಸಿ, ಆ ಕಡೆಯ ಗೆರೆಗೆ ಇಳಿಸಿಬಿಡುತ್ತಾನೆ.

"ಏ, ಹಂಗ ಹಾರಾಕ ಬರೂದಿಲ್ಲ!"

"ನಮ್ಮೂರಾಗ ಬರ್ತೈತಿ."

"ನಿಮ್ಮೂರಾಗ ಬಂದ್ರ ನಿಮ್ಮೂರಾಗ ಆಡು ಹೋಗು!"

ಕಟ್ಟೆಯ ಆ ತುದಿಯಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತ ಕೂತ ಅಜ್ಜನನ್ನು ಕೇಳಿದರೆ, "ಗೆರಿ ಇದ್ದ ಕಡೆ ಹಾರಬೇಕಪಾ, ಗೆರಿ ಬಿಟ್ಟು ಹಾರಬಾರದು" ಎನ್ನುತ್ತಾನೆ. ಇಬ್ಬರೂ "ನೋಡು, ನಾ ಹೇಳಿದ್ದ ಖರೇ" ಎಂದು ಕುಣಿಯುತ್ತಾರೆ. ಅಜ್ಜನ ಮಾತು ಇಬ್ಬರ ಕಡೆಗೂ ಸರಿಹೋಗುತ್ತದೆ. ನೆತ್ತಿಗೆ ಈ ಕಡೆಯಿಂದಲೂ ಗೆರೆ ಇದೆ, ಆ ಕಡೆಯಿಂದಲೂ ಇದೆ.

ಯಾರ ದನಿ ದೊಡ್ಡದೋ ಅವರು ಗೆಲ್ಲುವುದು ಇಂಥ ಜಗಳದ ರೂಢಿ. ನಾವು ಇವತ್ತು ಬೇರೆ ದಾರಿ ಹಿಡಿಯೋಣ, ಎಣಿಸೋಣ. ಒಂದು ಕಾಗದ, ಪೆನ್ಸಿಲ್ಲು ತನ್ನಿ.

ಮೊದಲು ಒಂದು ದೊಡ್ಡ ತ್ರಿಕೋನ ಬರೆಯಿರಿ. ಅದರ ನೆತ್ತಿಯಿಂದ ಬುಡದ ಗೆರೆಗೆ ಒಳಗೆ ಇನ್ನೂ ಎರಡು ಗೆರೆ ಇಳಿಸಿ. ತ್ರಿಕೋನದ ಎರಡು ಬದಿಯೂ ಸೇರಿ ನಾಲ್ಕು ಕಾಲಾದವು. ಈಗ ಆ ನಾಲ್ಕೂ ಕಾಲುಗಳನ್ನು ಕತ್ತರಿಸುವಂತೆ ಮೂರು ಅಡ್ಡಗೆರೆ ಎಳೆಯಿರಿ, ತ್ರಿಕೋನದ ಹೊರಗೂ ಎರಡು ಕಡೆ ಸ್ವಲ್ಪ ಚಾಚಲಿ. ಚಾಚಿದ ಮೂರು ತುದಿಗಳನ್ನು ಎಡಕ್ಕೆ ಒಂದು, ಬಲಕ್ಕೆ ಒಂದು ಉದ್ದ ಗೆರೆಯಿಂದ ಕೂಡಿಸಿ. ಈ ಎರಡು ಪಕ್ಕದ ಗೆರೆಗಳಿಗೆ ಕಿವಿ ಎಂದು ಹೆಸರಿಡೋಣ. ನಿಮ್ಮೂರಿನ ಚಿತ್ರ ಸ್ವಲ್ಪ ಬೇರೆ ಇರಬಹುದು. ದಕ್ಷಿಣ ಭಾರತದಲ್ಲಿ ಬಹಳ ಕಡೆ ಬಳಕೆಯಲ್ಲಿರುವುದು ಇದು.

ಗೆರೆಗೆ ಗೆರೆ ಸೇರುವ ಪ್ರತಿಯೊಂದು ಜಾಗವೂ ಒಂದು ಮನೆ. ಕಾಯಿ ಕೂರುವುದು ಅಲ್ಲೇ. ಮನೆಗಳಿಗೆ ಅಂಕಿ ಹಾಕಿ. ನೆತ್ತಿ 1. ಮೇಲಿನ ಅಡ್ಡಗೆರೆಯಲ್ಲಿ ಎಡಕಿವಿಯಿಂದ ಬಲಕಿವಿಗೆ 2ರಿಂದ 7. ನಡುವಿನ ಅಡ್ಡಗೆರೆಯಲ್ಲಿ 8ರಿಂದ 13. ಕೆಳಗಿನದರಲ್ಲಿ 14ರಿಂದ 19. ಬುಡದಲ್ಲಿ ನಾಲ್ಕೇ ಮನೆ, 20ರಿಂದ 23. ಒಟ್ಟು 23 ಮನೆ.

ಇನ್ನು ಪ್ರತಿ ಮನೆಯಿಂದ ಎಷ್ಟು ದಾರಿ ಹೊರಡುತ್ತವೆ, ನೋಡಿ. ನೆತ್ತಿಯಿಂದ ನಾಲ್ಕು. ಕಿವಿಯ ಮೂಲೆಗಳಿಂದ (2, 7, 14, 19) ಎರಡೆರಡು. ಕಿವಿಯ ನಡುಮನೆಗಳಿಂದ (8, 13) ಮೂರು ಮೂರು. ಬುಡದ ತುದಿಗಳಿಂದ (20, 23) ಎರಡೆರಡು, ಬುಡದ ನಡುವಿನವುಗಳಿಂದ (21, 22) ಮೂರು ಮೂರು. ಕಾಲಿನ ಮೇಲಿರುವ ಉಳಿದ ಹನ್ನೆರಡು ಮನೆಗಳಿಂದ ನಾಲ್ಕು ನಾಲ್ಕು. ಎಲ್ಲ ಕೂಡಿದರೆ 76. ಆದರೆ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುವ ತುಂಡುಗೆರೆಗಳನ್ನು ಒಂದೊಂದಾಗಿ ಎಣಿಸಿದರೆ 38 ಮಾತ್ರ. ಸರಿಯಾಗಿ ಅರ್ಧ! ಪ್ರತಿ ತುಂಡಿಗೂ ಎರಡು ತುದಿ ಇರುತ್ತವಲ್ಲ, ಮನೆಮನೆಗೆ ನಿಂತು ಎಣಿಸಿದಾಗ ಒಂದೊಂದು ತುಂಡೂ ಎರಡು ಸಲ ಲೆಕ್ಕಕ್ಕೆ ಬಂದಿದೆ. ನಿಮಗೆ ಬೆಸ ಸಂಖ್ಯೆ ಬಂದರೆ ಎಲ್ಲೋ ಎಣಿಕೆ ತಪ್ಪಿದೆ ಎಂದೇ ಅರ್ಥ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಕಂಬಗಳೂ 76. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ, ಅಂಕಿ ನೆನಪಿಟ್ಟುಕೊಳ್ಳಲು ಅನುಕೂಲ ಅಷ್ಟೇ.

ಬಿಂದು ಮತ್ತು ಗೆರೆ ಇಷ್ಟನ್ನೇ ಇಟ್ಟುಕೊಂಡು ಲೆಕ್ಕ ಮಾಡುವ ಗಣಿತಕ್ಕೆ ಗ್ರಾಫ್ ಸಿದ್ಧಾಂತ ಎನ್ನುತ್ತಾರೆ. ಅದರ ಮೊದಲ ಲೆಕ್ಕವೂ ಒಂದು ಊರಿನ ಮಂದಿಯ ಆಟದ ಪ್ರಶ್ನೆಯೇ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆ ಇದ್ದವು. ಯಾವ ಸೇತುವೆಯನ್ನೂ ಎರಡನೇ ಸಲ ತುಳಿಯದೆ ಏಳನ್ನೂ ದಾಟಿ ಬರಬಹುದೇ ಎಂದು ಜನ ಕೇಳಿಕೊಳ್ಳುತ್ತಿದ್ದರು. ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ 1736ರಲ್ಲಿ ಬರೆದ ಲೇಖನದಲ್ಲಿ, ಊರು, ನದಿ, ಮಣ್ಣು ಎಲ್ಲ ಬಿಟ್ಟು ನೆಲಕ್ಕೊಂದು ಅಕ್ಷರ, ಸೇತುವೆಗೊಂದು ಅಕ್ಷರ ಎಂದು ಹಿಡಿದು, ಹಾಗೆ ದಾಟಲು ಆಗುವುದೇ ಇಲ್ಲ ಎಂದು ತೋರಿಸಿದ. ಅವನೂ ಮಾಡಿದ್ದು ನೀವು ಈಗ ಮಾಡಿದ್ದನ್ನೇ, ಪ್ರತಿ ನೆಲದಿಂದ ಎಷ್ಟು ದಾರಿ ಹೊರಡುತ್ತವೆ ಎಂದು ಎಣಿಸಿದ್ದು.

ಈಗ ಜಗಳಕ್ಕೆ ಬರೋಣ. ನಡೆಯ ನಿಯಮದಲ್ಲಿ ತಕರಾರಿಲ್ಲ. ಹುಲಿಯಾಗಲಿ ಕುರಿಯಾಗಲಿ, ಗೆರೆ ಹಿಡಿದು ಪಕ್ಕದ ಖಾಲಿ ಮನೆಗೆ ಹೋಗಬೇಕು. ಯಾವ ಮನೆಗೆ ಯಾವ ಮನೆ ಪಕ್ಕ ಎಂದು ಹೇಳಿದರೆ ಮುಗಿಯಿತು, ಆ 38 ತುಂಡು ಸಾಕು. ತಕರಾರು ಇರುವುದು ಹೊಡೆದಾಟದ ನಿಯಮದಲ್ಲಿ. ಹುಲಿ ಹಾರಬೇಕಾದರೆ ಮೂರು ಮನೆ ಬೇಕು. ಹುಲಿ ನಿಂತ ಮನೆ, ಕುರಿ ಕೂತ ಮನೆ, ಅದರಾಚೆಯ ಖಾಲಿ ಮನೆ. ಈ "ಆಚೆ" ಯಾವುದು ಎಂಬುದೇ ಪ್ರಶ್ನೆ.

ಈ ಆಟವನ್ನು ಒಂದು ಕಂಪ್ಯೂಟರಿಗೆ ಕಲಿಸಬೇಕು ಎಂದುಕೊಳ್ಳಿ. ಅದಕ್ಕೆ ಕಟ್ಟೆ ಕಾಣುವುದಿಲ್ಲ, ಇದ್ದಿಲ ಗೆರೆ ಕಾಣುವುದಿಲ್ಲ. ನೀವು ಕೊಟ್ಟ 38 ಜೋಡಿ ಅಂಕಿಗಳು ಮಾತ್ರ ಅದರ ಬಳಿ ಇವೆ. 3ರ ಪಕ್ಕ 1 ಇದೆ, 1ರ ಪಕ್ಕ 6 ಇದೆ ಎಂದು ಅದಕ್ಕೆ ಗೊತ್ತು. ಹಾಗಾದರೆ 3ರಲ್ಲಿರುವ ಹುಲಿ 1ರಲ್ಲಿರುವ ಕುರಿಯನ್ನು ದಾಟಿ 6ಕ್ಕೆ ಹೋಗಬಹುದು ಎಂದು ಅದು ತಿಳಿದರೆ ತಪ್ಪೇನು? ಅಣ್ಣಿಗೇರಿಯ ಹುಡುಗ ಹೇಳಿದ್ದೂ ಇದೇ! ಪಕ್ಕದ ಪಕ್ಕದ ಮನೆಗೆಲ್ಲ ಹಾರಬಹುದು ಎಂದಿಟ್ಟುಕೊಂಡರೆ ಇಡೀ ಚಿತ್ರದಲ್ಲಿ ಹಾರುವ ದಾರಿ ಎಷ್ಟಾಗುತ್ತವೆ? ಲೆಕ್ಕ ಸುಲಭ. ಎರಡು ದಾರಿಯ ಮನೆಯ ಮೇಲಿಂದ ಹಾರಲು ಒಂದೇ ಜೋಡಿ. ಮೂರು ದಾರಿಯ ಮನೆಯಾದರೆ ಮೂರು ಜೋಡಿ. ನಾಲ್ಕು ದಾರಿಯದಾದರೆ ಆರು ಜೋಡಿ, ಬೇಕಾದರೆ ನಾಲ್ಕು ಬೆರಳು ಹಿಡಿದು ಎರಡೆರಡು ಕೂಡಿಸಿ ನೋಡಿ. ಎರಡು ದಾರಿಯ ಮನೆ ಆರು, ಮೂರು ದಾರಿಯವು ನಾಲ್ಕು, ನಾಲ್ಕು ದಾರಿಯವು ನೆತ್ತಿ ಸೇರಿ ಹದಿಮೂರು. 6 + 12 + 78. ಒಟ್ಟು 96.

ಸೊಟ್ಟ ತಿರುಗದೆ ಸೀದಾ ಹಾರಬೇಕು ಎಂದರೆ? ಅದನ್ನು ಎಣಿಸುವ ಮೊದಲು ಒಂದು ಕೆಲಸ ಮಾಡೋಣ. ಚಿತ್ರದಲ್ಲಿ ಸೀದಾ ಗೆರೆಗಳು ಎಷ್ಟಿವೆ? ತುಂಡುಗಳಲ್ಲ, ಎಳೆದ ಪೂರ್ತಿ ಗೆರೆಗಳು. ಹತ್ತೇ ಹತ್ತು! ಅಡ್ಡಗೆರೆ ಮೂರು: 2-3-4-5-6-7, 8-9-10-11-12-13, 14-15-16-17-18-19. ಬುಡ ಒಂದು: 20-21-22-23. ಕಿವಿ ಎರಡು: 2-8-14, 7-13-19. ಕಾಲು ನಾಲ್ಕು: 1-3-9-15-20, 1-4-10-16-21, 1-5-11-17-22, 1-6-12-18-23.

ಈ ಹತ್ತು ಸಾಲನ್ನು ಬರೆದಿಟ್ಟುಕೊಂಡರೆ ಚಿತ್ರವೇ ಬೇಡ. ನಡೆಯ ನಿಯಮ ಹೀಗಾಗುತ್ತದೆ: ಯಾವುದೇ ಸಾಲಿನಲ್ಲಿ ಒಂದರ ಪಕ್ಕ ಒಂದು ಬರುವ ಎರಡು ಅಂಕಿಗಳ ನಡುವೆ ಹೋಗಬಹುದು. ಹಾರುವ ನಿಯಮ ಹೀಗೆ: ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದು ಬರುವ ಮೂರು ಅಂಕಿಗಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಹಾರಬಹುದು. ಇಷ್ಟು ಹೇಳಿದರೆ ಕಂಪ್ಯೂಟರಿಗೂ ತಿಳಿಯುತ್ತದೆ, ಇನ್ನೊಂದು ಊರಿನ ಹುಡುಗನಿಗೆ ಫೋನಿನಲ್ಲಿ ಹೇಳಿದರೂ ತಿಳಿಯುತ್ತದೆ. 3, 1, 6 ಒಟ್ಟಿಗೆ ಬರುವ ಸಾಲು ಆ ಹತ್ತರಲ್ಲಿ ಇದೆಯೇ? ಇಲ್ಲ. ಎಲ್ಲ ಕಾಲುಗಳೂ 1ರಲ್ಲೇ ಮುಗಿಯುತ್ತವೆ, ಅದು ಯಾವ ಸಾಲಿಗೂ ನಡುವೆ ಬರುವುದಿಲ್ಲ.

ಸೀದಾ ಹಾರುವ ದಾರಿಗಳನ್ನು ಈಗ ಎಣಿಸಿ. ಆರು ಮನೆಯ ಸಾಲಿನಲ್ಲಿ ನಾಲ್ಕು, ಐದರದ್ದರಲ್ಲಿ ಮೂರು, ನಾಲ್ಕರದ್ದರಲ್ಲಿ ಎರಡು, ಮೂರರದ್ದರಲ್ಲಿ ಒಂದು. ಮೂರು ಅಡ್ಡಗೆರೆಗೆ 12, ನಾಲ್ಕು ಕಾಲಿಗೆ 12, ಬುಡಕ್ಕೆ 2, ಕಿವಿಗಳಿಗೆ 2. ಒಟ್ಟು 28. ಆ ಕಡೆ 96, ಈ ಕಡೆ 28. ಕಟ್ಟೆಯ ಮೇಲೆ ಇಬ್ಬರು ಹುಡುಗರು ಒಂದು ಸಣ್ಣ ಮಾತಿಗೆ ಜಗಳವಾಡಿದ ಹಾಗೆ ಕಂಡಿತು. ನಿಜವಾಗಿ ಅವರು ಒಂದೇ ಗೆರೆಯ ಮೇಲೆ ಎರಡು ಬೇರೆ ಬೇರೆ ಆಟ ಆಡುತ್ತಿದ್ದರು.

ಸೀದಾ ನಿಯಮದಲ್ಲಿ ಇನ್ನೊಂದು ಗುಟ್ಟು ಅಡಗಿದೆ. ಯಾವ ಮನೆ ಯಾವ ಸಾಲಿನಲ್ಲೂ ನಡುವೆ ಬರುವುದಿಲ್ಲವೋ ಅಲ್ಲಿ ಕೂತ ಕುರಿಯನ್ನು ಹುಲಿ ಎಂದಿಗೂ ತಿನ್ನಲಾರದು. ಅಂಥ ಮನೆ ಯಾವುವು? ಎಲ್ಲ ಸಾಲುಗಳಲ್ಲೂ ತುದಿಯಲ್ಲಿ ಮಾತ್ರ ಬರುವ ಅಂಕಿಗಳನ್ನು ಹುಡುಕಿ. 1, 2, 7, 14, 19, 20, 23. ಏಳು ಮನೆ. ಹುಲಿ ಪಕ್ಕದಲ್ಲೇ ಬಾಯಿ ತೆರೆದು ನಿಂತರೂ ಅಲ್ಲಿನ ಕುರಿಗೆ ಏನೂ ಆಗದು. ಚೆನ್ನಾಗಿ ಆಡುವ ಅಜ್ಜಿಯರು ಮೊದಲ ಕುರಿಗಳನ್ನು ಮೂಲೆಗೇ ಯಾಕೆ ಇಡುತ್ತಾರೆ ಎಂದು ಈಗ ಗೊತ್ತಾಯಿತೇ? ಸೊಟ್ಟ ಹಾರುವ ನಿಯಮದಲ್ಲಿ ಇಂಥ ಮನೆ ಒಂದೂ ಉಳಿಯುವುದಿಲ್ಲ. ಎರಡೇ ದಾರಿಯ ಮೂಲೆಯಲ್ಲೂ ಒಂದು ದಾರಿಯಿಂದ ಬಂದು ಇನ್ನೊಂದಕ್ಕೆ ಹಾರಬಹುದು. ಹಾಗೆ ಆಡಬಾರದೆಂದು ನಾನು ಹೇಳುವುದಿಲ್ಲ, ಆದರೆ 15 ಕುರಿ ಸಾಲುವುದು ಕಷ್ಟ. ನನಗೆ ಹಿಡಿಸುವುದು ಸೀದಾ ನಿಯಮವೇ. ಕುರಿಗೂ ಅಡಗಲು ಏಳು ಮನೆ ಇರಲಿ.

ಹಾರುವುದನ್ನು ತಡೆಯಲು ಕುರಿಗಳಿಗೆ ಮೂಲೆಯಲ್ಲದೆ ಇನ್ನೊಂದು ಉಪಾಯವಿದೆ. 9ರಲ್ಲಿ ಹುಲಿ, 10ರಲ್ಲಿ ಕುರಿ. 11 ಖಾಲಿ ಇದ್ದರೆ ಕುರಿ ಹೋಯಿತು. 11ರಲ್ಲಿ ಇನ್ನೊಂದು ಕುರಿ ಇದ್ದರೆ ಉಳಿಯಿತು, ಒಂದೇ ಸಲ ಎರಡು ಕುರಿ ದಾಟಲು ಹುಲಿಗೆ ಬರುವುದಿಲ್ಲ. ಹುಲಿಯ ಮೇಲಿಂದ ಹುಲಿ ಹಾರುವಂತೆಯೂ ಇಲ್ಲ.

ಇದರಿಂದ ಹುಲಿ ಕಟ್ಟುವ ಲೆಕ್ಕ ಹುಟ್ಟುತ್ತದೆ. ಹುಲಿ 2ರ ಮೂಲೆಯಲ್ಲಿದೆ. ಅದಕ್ಕೆ ಹೋಗಲು 3 ಮತ್ತು 8 ಇವೆ, ಅವುಗಳ ಆಚೆ 4 ಮತ್ತು 14. ಈ ನಾಲ್ಕರಲ್ಲೂ ಕುರಿ ಇದ್ದರೆ ಹುಲಿ ಬಂದಿ. ನಾಲ್ಕು ಕುರಿ ಸಾಕಾಯಿತು. ಹುಲಿ 3ರಲ್ಲಿದ್ದರೆ? 1, 2, 4, 9ರಲ್ಲಿ ಕುರಿ ಬೇಕು. 1ರ ಆಚೆ ಸೀದಾ ಏನೂ ಇಲ್ಲ, 2ರ ಆಚೆಯೂ ಇಲ್ಲ. 4ರ ಆಚೆ 5, 9ರ ಆಚೆ 15 ತುಂಬಬೇಕು. ಆರು ಕುರಿ. ನಡುಮಧ್ಯೆ 10ರಲ್ಲಿ ಹುಲಿ ಇದ್ದರೆ ನಾಲ್ಕು ಕಡೆ ಎರಡೆರಡರಂತೆ ಎಂಟು ಕುರಿ ಬೇಕು. ನೆತ್ತಿಯ ಮೇಲಿದ್ದರೂ ಎಂಟೇ. ಆದ್ದರಿಂದ ಹುಲಿ ಆಡುವವರು ನಡುವೆ ತಿರುಗಾಡಬೇಕು, ಕುರಿ ಆಡುವವರು ಹುಲಿಯನ್ನು ಮೂಲೆಗೆ ಒತ್ತಬೇಕು. ಮೂರು ಹುಲಿ ಮೂರು ಬೇರೆ ಬೇರೆ ಮೂಲೆಗೆ ಸಿಕ್ಕಿಕೊಂಡರೆ 12 ಕುರಿಯಲ್ಲೇ ಆಟ ಮುಗಿಯಬಹುದು.

ಹುಲಿಗಳು ಒಂದಕ್ಕೊಂದು ಅಂಟಿ ನಿಂತರೂ ಕೆಟ್ಟಿತು. ಒಂದು ಹುಲಿ 2ರಲ್ಲಿ, ಇನ್ನೊಂದು 3ರಲ್ಲಿ ಇದೆ ಎನ್ನಿ. ಬೇರೆ ಬೇರೆ ಕಟ್ಟಿದರೆ ನಾಲ್ಕು, ಆರು, ಕೂಡಿ ಹತ್ತು ಕುರಿ ಬೇಕಿತ್ತು. ಈಗ ಒಂದರ ದಾರಿಗೆ ಇನ್ನೊಂದೇ ಅಡ್ಡ. 1, 4, 5, 8, 9, 14, 15, ಈ ಏಳು ಮನೆಯಲ್ಲಿ ಕುರಿ ಕೂತರೆ ಎರಡೂ ಹುಲಿ ಬಂದಿ. ನಂಬಿಕೆ ಬರದಿದ್ದರೆ ಹುಣಸೆ ಬೀಜ ಇಟ್ಟು ನೋಡಿ.

ಬಗೆಹರಿಸಿಕೊಳ್ಳಬೇಕಾದ ಮಾತು ಇನ್ನೂ ಕೆಲವಿವೆ. ಎದುರಿಗೆ ಕುರಿ ಸಿಕ್ಕಾಗ ಹುಲಿ ತಿನ್ನಲೇಬೇಕೇ, ಬಿಟ್ಟು ಬೇರೆ ಕಡೆ ನಡೆಯಬಹುದೇ? ಚೆಕರ್ಸ್ ಆಟದಲ್ಲಿ ತಿನ್ನಲೇಬೇಕು ಎಂಬ ಕಟ್ಟುನಿಟ್ಟಿದೆ, ಹಾಗಾಗಿ ಅಲ್ಲಿ ಬೇಕೆಂದೇ ಒಂದು ಕಾಯಿ ಕೊಟ್ಟು ಎದುರಾಳಿಯನ್ನು ಎಳೆದು ತರುವ ಉಪಾಯಗಳು ಬಹಳ. ಹುಲಿ-ಕುರಿಯಲ್ಲೂ ಆ ಕಟ್ಟು ಹಾಕಿದರೆ ಕುರಿಗೆ ಆ ಉಪಾಯ ಸಿಗುತ್ತದೆ. ಒಂದನ್ನು ಹುಲಿಯ ಮುಂದೆ ಇಟ್ಟರೆ ಹುಲಿ ಹಾರಲೇಬೇಕು, ಬೇಡದ ಕಡೆಗೆ ಹೋಗಿ ಬೀಳಲೇಬೇಕು. ಒಂದು ಸಲ ಹಾರಿದ ಮೇಲೆ ಅಲ್ಲಿಂದಲೇ ಮತ್ತೆ ಹಾರಬಹುದೇ ಎಂಬುದು ಇನ್ನೊಂದು. ಬರುತ್ತದೆ ಎಂದಾದರೆ ಒಂದು ಕಾಲಿನ ಮೇಲೆ ಕುರಿಗಳನ್ನು ಮನೆ ಬಿಟ್ಟು ಮನೆ ಇಡಬೇಡಿ. ನೆತ್ತಿಯಲ್ಲಿ ಹುಲಿ, 3ರಲ್ಲಿ ಒಂದು ಕುರಿ, 15ರಲ್ಲಿ ಇನ್ನೊಂದು, 9 ಮತ್ತು 20 ಖಾಲಿ. ಹುಲಿ ನೆತ್ತಿಯಿಂದ ಹೊರಟು 9ಕ್ಕೆ ಕಾಲಿಟ್ಟು ಬುಡಕ್ಕೆ ಇಳಿಯುವಷ್ಟರಲ್ಲಿ ಎರಡೂ ಕುರಿ ಹೊಟ್ಟೆ ಸೇರಿರುತ್ತವೆ. 15 ಕುರಿಯೂ ಇಳಿಯುವ ಮೊದಲೇ ಇಟ್ಟ ಕುರಿಯನ್ನು ನಡೆಸಬಹುದೇ ಎಂಬುದೂ ಒಂದಿದೆ. ಬಹಳ ಕಡೆ ನಡೆಸುವಂತಿಲ್ಲ.

ಯಾವ ನಿಯಮ ಯಾರಿಗೆ ಲಾಭ ಎಂದು ತಿಳಿಯಲು ಒಂದು ದಾರಿಯಿದೆ. ಒಂದೇ ಒಂದು ನಿಯಮ ಬದಲಿಸಿ, ಉಳಿದದ್ದೆಲ್ಲ ಇದ್ದ ಹಾಗೇ ಇಟ್ಟು, ಅದೇ ಇಬ್ಬರು ಹುಲಿ-ಕುರಿ ಅದಲುಬದಲು ಮಾಡಿಕೊಂಡು ಹತ್ತಾರು ಸಲ ಆಡಿ. ಗೆದ್ದವರ ಲೆಕ್ಕ ಬರೆದಿಡಿ. ಎರಡು ನಿಯಮ ಒಟ್ಟಿಗೆ ಬದಲಿಸಿದಿರೋ, ಯಾವುದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಹೊಸ ಗೊಬ್ಬರ ನೋಡುವವರೂ ಹೀಗೇ ಮಾಡುತ್ತಾರೆ, ಬೀಜ, ನೀರು, ಮಣ್ಣು ಒಂದೇ ಇಟ್ಟು ಗೊಬ್ಬರ ಮಾತ್ರ ಬದಲಿಸುತ್ತಾರೆ.

"ಎಲ್ಲಾ ಆಟ ಕಂಪ್ಯೂಟರೇ ಆಡಿ ಹೇಳಬಾರದೇನು?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ. ಮೂರು ಹುಲಿ, 15 ಕುರಿ ಎಲ್ಲ ಇಳಿದಿವೆ ಎನ್ನಿ. 23 ಮನೆಯಲ್ಲಿ ಮೂರು ಹುಲಿಯನ್ನು 1,771 ರೀತಿ ಕೂರಿಸಬಹುದು. ಪ್ರತಿಯೊಂದಕ್ಕೂ ಉಳಿದ 20 ಮನೆಯಲ್ಲಿ 15 ಕುರಿಯನ್ನು 15,504 ರೀತಿ ಕೂರಿಸಬಹುದು. ಗುಣಿಸಿದರೆ 2,74,57,584. ಎರಡೂ ಮುಕ್ಕಾಲು ಕೋಟಿಗೆ ಒಂದಿಷ್ಟು ಕಡಿಮೆ. ಸೆಕೆಂಡಿಗೆ ಒಂದರಂತೆ ನೀವು ನೋಡುತ್ತ ಕೂತರೆ ಊಟ ನಿದ್ದೆ ಬಿಟ್ಟು 318 ದಿನ ಬೇಕು. ಕಂಪ್ಯೂಟರಿಗೆ ಇದು ದೊಡ್ಡದಲ್ಲ. ಕುರಿಗಳು ಇನ್ನೂ ಇಳಿಯುತ್ತಿರುವ ಮತ್ತು ಕಡಿಮೆಯಾಗುತ್ತಿರುವ ಹಂತಗಳನ್ನೆಲ್ಲ ಸೇರಿಸಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ.

ನೇಪಾಳದಲ್ಲಿ ಇದರ ಸೋದರನಿದೆ, ಬಾಘ್‌ಚಾಲ್. ಅಲ್ಲಿ 25 ಮನೆಯ ಚೌಕ, ನಾಲ್ಕು ಹುಲಿ, 20 ಆಡು. ಐದು ಆಡು ತಿಂದರೆ ಹುಲಿ ಗೆದ್ದಂತೆ. ಸಿಂಗಪುರದಲ್ಲಿ ಕೆಲಸ ಮಾಡಿದ ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ಕಂಪ್ಯೂಟರಿಗೆ ಆ ಆಟದ ನಿಯಮ ಕೊಟ್ಟು ಹುಡುಕಿಸಿದರು. ಎರಡೂ ಕಡೆಯವರು ಒಂದೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಆಟ ಸಮವಾಗುತ್ತದೆ ಎಂದು ಉತ್ತರ ಬಂತು. ಕೆನಡಾದಲ್ಲಿ ಜೊನಾಥನ್ ಶೆಫರ್ ತಂಡ 2007ರಲ್ಲಿ ಚೆಕರ್ಸ್‌ಗೂ ಇದೇ ಉತ್ತರ ಕಂಡುಕೊಂಡಿತು. ಇಂಥ ಯಾವ ಹುಡುಕಾಟವೂ ನಿಯಮ ಖಚಿತವಾಗದೆ ಶುರುವೇ ಆಗುವುದಿಲ್ಲ. ಕಂಪ್ಯೂಟರಿಗೆ "ನಮ್ಮೂರಾಗ ಬರ್ತೈತಿ" ಎಂದರೆ ಅರ್ಥವಾಗದು.

ಅಂದಹಾಗೆ, ಎಲ್ಲ ಆಟಕ್ಕೂ ಈ ಲೆಕ್ಕ ಹೊಂದುವುದಿಲ್ಲ. ನವಲಗುಂದದ ಜಮಖಾನೆ ನೋಡಿದ್ದೀರಲ್ಲ, ಹೆಣ್ಣುಮಕ್ಕಳು ನಿಲುಮಗ್ಗದಲ್ಲಿ ನೇಯುವಂಥದು, ನವಿಲು, ಹೂವು ಎಲ್ಲ ಇರುತ್ತವೆ. ಅದರಲ್ಲಿ ಪಗಡೆ ಹಾಸಿನ ವಿನ್ಯಾಸ ನೇಯುವುದೂ ಉಂಟು. ಪಗಡೆಯಲ್ಲಿ ದಾಳ ಬಿದ್ದಷ್ಟೇ ನಡೆ, ಎಷ್ಟು ಜಾಣರಾದರೂ ಅದೃಷ್ಟದ ಪಾಲು ಇದ್ದೇ ಇದೆ. ಹುಲಿ-ಕುರಿಯಲ್ಲಿ ದಾಳವಿಲ್ಲ. ಸೋತರೆ ದಾಳದ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಇನ್ನು ಜರ್ಮನಿಯ ಕಡೆ ಪ್ರಷ್ಯಾ ದೇಶದ ಸೈನ್ಯದಲ್ಲಿ 1824ರ ಹೊತ್ತಿಗೆ ರೈಸ್‌ವಿಟ್ಸ್ ಎಂಬ ಅಧಿಕಾರಿ ಒಂದು ಯುದ್ಧದಾಟ ಮಾಡಿದ. ನಿಜವಾದ ನಕ್ಷೆಯ ಮೇಲೆ ಪಡೆಗಳನ್ನು ನಡೆಸಬೇಕು, ಹೊಡೆದಾಟದ ಫಲ ದಾಳದಿಂದ. ಆಟಗಾರರು ಅಪ್ಪಣೆಯನ್ನು ಬರೆದು ಕೊಡಬೇಕು, ನಡುವೆ ಕೂತ ಪಂಚ ಅದನ್ನು ನಡೆಸಬೇಕು. ನಿಯಮಗಳು ಎಷ್ಟು ಬೆಳೆದವೆಂದರೆ, 1876ರಲ್ಲಿ ವೆರ್ದಿ ದು ವೆರ್ನುವಾ ಎಂಬ ಇನ್ನೊಬ್ಬ ಅಧಿಕಾರಿ, ಈ ನಿಯಮಗಳನ್ನೆಲ್ಲ ಬದಿಗಿಟ್ಟು ಪಂಚ ತನ್ನ ಅನುಭವದಿಂದ ತೀರ್ಮಾನ ಹೇಳಲಿ ಎಂದು ಬರೆದ. ನಮ್ಮ ಕಟ್ಟೆಗೆ ಅಷ್ಟು ಬೇಕಿಲ್ಲ. ಹತ್ತು ಸಾಲು ಸಾಕು.

ಕೊನೆಗೆ ನವಲಗುಂದ ಇರುವ ಧಾರವಾಡ ಜಿಲ್ಲೆಯದೇ ಒಂದು ವಿಷಯ. ಬಿಂದು-ಗೆರೆಯ ಗಣಿತವನ್ನು ಚೆನ್ನಾಗಿ ಬೆಳೆಸಿದ ಜಾಗಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಒಂದು. ಅಲ್ಲಿನ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ 1979ರಲ್ಲಿ ಒಂದು ಹೊಸ ಪ್ರಶ್ನೆಯನ್ನು ಗಣಿತದ ಮುಂದಿಟ್ಟರು. ಅದನ್ನು ನಮ್ಮ ಹುಲಿ-ಕುರಿಯ ಚಿತ್ರಕ್ಕೆ ತಂದು ಹೇಳುತ್ತೇನೆ.

ಮೊದಲು ಅದಕ್ಕೂ ಹಳೆಯ, ಸುಲಭದ ಪ್ರಶ್ನೆ. 23 ಮನೆಗಳ ಮೇಲೆ ಕೆಲವು ಕಾವಲುಗಾರರನ್ನು ನಿಲ್ಲಿಸಬೇಕು. ಪ್ರತಿ ಮನೆಯಲ್ಲೂ ಒಂದೋ ಕಾವಲುಗಾರ ಇರಬೇಕು, ಇಲ್ಲವೇ ಪಕ್ಕದ ಮನೆಯಲ್ಲಾದರೂ ಇರಬೇಕು. ಎಷ್ಟು ಕಡಿಮೆ ಜನರಲ್ಲಿ ಮುಗಿಸಬಹುದು? ಒಬ್ಬ ಹೆಚ್ಚೆಂದರೆ ತನ್ನ ಮನೆ ಸೇರಿ ಐದು ಮನೆ ಕಾಯುತ್ತಾನೆ. ನಾಲ್ಕು ಜನ ಕಾದರೆ 20 ಮನೆ ಮಾತ್ರ, ಮೂರು ಉಳಿಯುತ್ತವೆ. ಐದು ಜನ? ಅದೂ ಸಾಲದು, ಕಿವಿಗಳು ಬಹಳ ಕಾಡುತ್ತವೆ. ಆರು ಜನರಲ್ಲಿ ಆಗುತ್ತದೆ.

ಸಂಪತ್‌ಕುಮಾರ್ ಮತ್ತು ವಾಲೀಕಾರ ಇದಕ್ಕೆ ಒಂದು ಕಟ್ಟು ಸೇರಿಸಿದರು. ಕಾವಲುಗಾರರು ಬಿಡಿಬಿಡಿಯಾಗಿ ನಿಲ್ಲಬಾರದು. ಒಬ್ಬನಿಂದ ಪಕ್ಕದವನಿಗೆ, ಅವನಿಂದ ಅವನ ಪಕ್ಕದವನಿಗೆ ಹೀಗೆ ಸುದ್ದಿ ದಾಟುತ್ತ ಎಲ್ಲರಿಗೂ ಮುಟ್ಟುವ ಹಾಗೆ ನಿಲ್ಲಬೇಕು. ತಂತಿಯಿಲ್ಲದೆ ಒಂದರಿಂದೊಂದಕ್ಕೆ ಸಂದೇಶ ಕಳಿಸುವ ಯಂತ್ರಗಳ ಜಾಲ ಕಟ್ಟುವವರು ಮುಂದೆ ಈ ವಿಚಾರವನ್ನು ಬಹಳ ಬಳಸಿಕೊಂಡರು. ನಮ್ಮ ಚಿತ್ರದಲ್ಲಿ ಈ ಕಟ್ಟಿನೊಳಗೆ ಏಳು ಜನ ಸಾಲುವುದಿಲ್ಲ, ಎಂಟು ಜನ ಸಾಕು.

ಆರು ಜನ ಎಲ್ಲೆಲ್ಲಿ, ಎಂಟು ಜನ ಎಲ್ಲೆಲ್ಲಿ ಎಂದು ನಾನು ಹೇಳುವುದಿಲ್ಲ. ಬೀಜ ನಿಮ್ಮ ಕೈಯಲ್ಲೇ ಇವೆ. ಆರರ ಲೆಕ್ಕಕ್ಕೆ ನೆತ್ತಿಯ ಮೇಲೆ ಯಾರೂ ಬೇಕಾಗಿಲ್ಲ, ಎಡ-ಬಲ ಸರಿಸಮ ಇಡಲು ಹೋಗಿ ಹೊತ್ತು ಕಳೆಯಬೇಡಿ. ಎಂಟರದ್ದಕ್ಕೆ 15, 16, 17, 18 ಇಟ್ಟು ಶುರು ಮಾಡಿ.